ಶುಭೋದಯ, ಪ್ಲಾಸಿಡ್ ಮಿಲಾಂಡು

ಪ್ಲಾಸಿಡ್ ಮಿಲಾಂಡುವಿನ ಕಣ್ಣು ಯಾವ ಬಣ್ಣದ್ದು ಎಂದು ಬಕೊಂಗೊ ಪೇಟೆಯಲ್ಲಿ ಯಾರನ್ನು ಕೇಳಿದರೂ ‘ಕಡು ಹಸಿರು’ ಎನ್ನುತ್ತಿದ್ದರು. ಹಾಗೆ ಹೇಳಿದವರಲ್ಲಿ ಆ ಕಣ್ಣನ್ನು ಕಂಡವರು ಒಬ್ಬರೂ ಇರಲಿಲ್ಲ. ಅವನ ಕಪ್ಪು ಕನ್ನಡಕದ ಗಾಜು ಬಿಸಿಲಿಗೆ ತಿರುಗಿದಾಗ ತುಸು ಹಸಿರು ಹೊಡೆಯುತ್ತಿತ್ತು; ಇದ್ದ ಆಧಾರ ಅದೊಂದೇ. ಅದಕ್ಕಿಂತ ಕಡಿಮೆ ಆಧಾರದ ಮೇಲೆ ಆ ಪೇಟೆ ಇರುವ ಬ್ರಾಜವಿಲ್ ನಗರದಲ್ಲಿ ಮದುವೆಗಳೇ ನಡೆದುಹೋಗಿರುವಾಗ, ಒಬ್ಬ ಮನುಷ್ಯನ ಕಣ್ಣಿನ ಬಣ್ಣ ನಿಶ್ಚಯವಾದದ್ದು ಹೆಚ್ಚಲ್ಲ.

ಮಿಲಾಂಡು ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಅದು ಹೊಟ್ಟೆಪಾಡು. ಬದುಕು ಬೇರೆ: ಅವನು ಸಾಪರ್. ಬಕೊಂಗೊದಲ್ಲಿ ಬಟ್ಟೆ ಹಾಕಿಕೊಳ್ಳುವವರು ಸಾವಿರಾರು ಜನ, ಉಡುಗೆ ತೊಡುವವರು ಕೆಲವರೇ. ಆ ಕೆಲವರಿಗೆ ಸಾಪರ್ ಎಂದು ಹೆಸರು. ಮೈಮೇಲೆ ಮೂರಕ್ಕಿಂತ ಹೆಚ್ಚು ಬಣ್ಣ ಇರಬಾರದು, ಬಾಯಲ್ಲಿ ಒರಟು ಮಾತು ಬರಬಾರದು, ಯಾರು ವಂದಿಸಿದರೂ ಮರುವಂದನೆ ಬಾಕಿ ಉಳಿಸಬಾರದು ಎಂಬುದು ಅವರ ಮಡಿ. ಎಲ್ಲಕ್ಕಿಂತ ಬಿಗಿಯಾದದ್ದು ಎರವಲಿನ ನಿಯಮ. ಶುಭಕಾರ್ಯಕ್ಕೆಂದು ಸೂಟು ಕೇಳಿ ಬಂದವನಿಗೆ ಇಲ್ಲ ಎನ್ನಬಾರದು. ಕೊಟ್ಟವನು ‘ನಾನು ಕೊಟ್ಟೆ’ ಎನ್ನಬಾರದು. ತೊಟ್ಟವನು ‘ಇದು ನನ್ನದಲ್ಲ’ ಎನ್ನಬಾರದು. ನೋಡಿದವರು ಗೊತ್ತಿದ್ದರೂ ಕೇಳಬಾರದು.

ದಿನಾ ಬೆಳಿಗ್ಗೆ ಎಲೆಹಸಿರು ಬಣ್ಣದ ಮೂರು ತುಂಡಿನ ಸೂಟು, ಹಾಲುಬಿಳಿ ಅಂಗಿ, ಕಂದು ಟೊಪ್ಪಿ, ಕಂದು ಮೊಸಳೆ ಚರ್ಮದ ಶೂ, ಹೊಗೆಸೊಪ್ಪು ಕಾಣದ ಕಂದು ಪೈಪು, ಮತ್ತು ಆ ಕನ್ನಡಕ ತೊಟ್ಟು ಮಿಲಾಂಡು ಬೀದಿಗಿಳಿದನೆಂದರೆ ಟ್ಯಾಕ್ಸಿಗಳು ಹಾರನ್ ಮಾಡುವುದನ್ನು ಮರೆಯುತ್ತಿದ್ದವು. ಅವನು ನಡೆಯುತ್ತಿರಲಿಲ್ಲ; ಒಂದು ಹೆಜ್ಜೆ ಜಾರಿಸಿ, ನಿಂತು, ಪ್ಯಾಂಟಿನ ಅಂಚನ್ನು ಎರಡು ಬೆರಳಲ್ಲಿ ಎತ್ತಿ ಕಾಲುಚೀಲಕ್ಕೆ ಲೋಕದರ್ಶನ ಮಾಡಿಸಿ, ಗಲ್ಲ ಎತ್ತಿ, ಅರ್ಧ ಸುತ್ತು ತಿರುಗಿ, ಮತ್ತೊಂದು ಹೆಜ್ಜೆ ಜಾರಿಸುತ್ತಿದ್ದ. ಹೀಗಾಗಿ ಕೂಗಳತೆ ದೂರದ ಕಚೇರಿ ತಲುಪಲು ಅವನಿಗೆ ಒಂದು ಗಂಟೆ ಹಿಡಿಯುತ್ತಿತ್ತು. ತಡವಾಯಿತೆಂದು ಯಾರೂ ಬೈದವರಿಲ್ಲ. ಎಲ್ಲರಿಗೂ ಅವನು ‘ಯಾಯಾ’, ಅಂದರೆ ಅಣ್ಣ, ಅವನಿಗಿಂತ ಹಿರಿಯರಿಗೂ.

ಕಚೇರಿಯ ಎದುರಿಗೆ ಕೂತು ಬೆನ್ಯೆ ಕರಿಯುವ ಮಾಮಾ ಫಿಲೊ (ಅಲ್ಲಿ ‘ಮಾಮಾ’ ಅಂದರೆ ಅಮ್ಮ) ಹಿಟ್ಟಿನ ಉಂಡೆಯನ್ನು ಎಣ್ಣೆಗೆ ಬಿಡುವ ಕೈಯನ್ನು ನಡುದಾರಿಯಲ್ಲೇ ನಿಲ್ಲಿಸಿ ಕೂಗುತ್ತಿದ್ದಳು: “ಯಾಯಾ ಪ್ಲಾಸಿಡ್! ನಿಮ್ಮನ್ನ ನೋಡೋಕೆ ಸೂರ್ಯಾನೇ ಕಪ್ಪು ಕನ್ನಡಕ ಹಾಕ್ಕೋಬೇಕು!”

ಅಂಥ ಕಚೇರಿಯ ಬಾಗಿಲಿಗೆ ಒಂದು ಸೋಮವಾರ ಮುಖ ಗುರುತಿಸುವ ಯಂತ್ರ ಬಂತು. ತಂದವಳು ಎಸ್ತೆಲ್ ಬುಯೆಸ್ಸೊ ಎಂಬ ಎಂಜಿನಿಯರ್ ಹುಡುಗಿ; ಮದುವೆಯಾಗದವಳಾದ್ದರಿಂದ ಎಲ್ಲರಿಗೂ ‘ಮದ್ಮೊಜೆಲ್’. ಒಣಗಾಲದ ಧೂಳಿಗೆ ಅರ್ಧ ಕಚೇರಿ ಮಾಸ್ಕ್ ಹಾಕಿಕೊಂಡಿತ್ತು, ಉಳಿದರ್ಧ ಕಪ್ಪು ಕನ್ನಡಕ. ಎಸ್ತೆಲ್ ಅವರನ್ನೆಲ್ಲ ನೋಡಿ ಹಬ್ಬದೂಟ ಕಂಡವಳಂತೆ ಕೈ ಉಜ್ಜಿಕೊಂಡಳು.

“ಮಾಸ್ಕ್ ಹಾಕಿ, ಕನ್ನಡಕ ಹಾಕಿ, ಏನಾದ್ರೂ ಹಾಕಿ. ಮೂಗಿನ ಕೆಳಗೆ ಮುಚ್ಚಿದ್ರೆ ಇದು ಹುಬ್ಬು, ಹಣೆ, ಕಣ್ಣಿನ ನಡುವಿನ ದೂರ ನೋಡುತ್ತೆ. ಕಣ್ಣು ಮುಚ್ಚಿದ್ರೆ ಮೂಗಿನ ಅಗಲ, ತುಟಿ, ದವಡೆ ನೋಡುತ್ತೆ. ಒಂದ್ಸಲ ಮಾತ್ರ ಪೂರ್ತಿ ಮುಖ ತೋರಿಸಿ ಪರಿಚಯ ಮಾಡ್ಕೊಳ್ಳಿ, ಸಾಕು.”

“ಪೂರ್ತಿ ಅಂದ್ರೆ?” ಮಿಲಾಂಡು ಕೇಳಿದ.

“ಕನ್ನಡಕ ತೆಗೆದು, ಯಾಯಾ.”

ಬಾಗಿಲ ಕಾವಲಿನ ಬಕಾಲಾ, ಹೆಣ ಹೋಗುವಾಗ ತೆಗೆಯುವಂತೆ, ಟೊಪ್ಪಿ ತೆಗೆದ. ಕಡೆಗೆ ದೊಡ್ಡ ಸಾಹೇಬರು ನಡುವೆ ಬಂದು ಸಾಮಾನಿನ ಕೋಣೆಗೆ ಪರದೆ ಕಟ್ಟಿಸಿದರು. ಪರದೆಯ ಹಿಂದೆ ಮಿಲಾಂಡು ಕನ್ನಡಕ ತೆಗೆದ. ಕಣ್ಣು ಹಸಿರೂ ಅಲ್ಲ, ಗಂಭೀರವೂ ಅಲ್ಲ. ಆಗ ತಾನೇ ತಾಯಿ ಬೈದು, ಆಮೇಲೆ ಎತ್ತಿಕೊಂಡ ಕೂಸಿನ ಕಣ್ಣಿನಂತೆ ಸಣ್ಣಗೆ, ಒದ್ದೆಯಾಗಿ, ತೀರಾ ಸಾಧುವಾಗಿತ್ತು.

“ಇಷ್ಟು ಒಳ್ಳೆ ಕಣ್ಣನ್ನ ಯಾಕೆ ಮುಚ್ಚಿಟ್ಟಿದೀರಿ?” ಎಂದಳು ಎಸ್ತೆಲ್.

“ಮದ್ಮೊಜೆಲ್, ಈ ಕಣ್ಣು ಕಂಡ್ರೆ ಯಾರು ಏನು ಕೇಳಿದ್ರೂ ನನ್ನ ಬಾಯಲ್ಲಿ ಇಲ್ಲ ಅನ್ನೋ ಮಾತು ಬರಲ್ಲ ಅಂತ ಊರಿಗೆಲ್ಲ ಗೊತ್ತಾಗಿಬಿಡುತ್ತೆ. ಕನ್ನಡಕ ಇದ್ರೆ ಜನ ಸ್ವಲ್ಪ ಯೋಚನೆ ಮಾಡಿ ಕೇಳ್ತಾರೆ.”

ಮಾರನೆಯ ಬೆಳಿಗ್ಗೆ ಪೂರ್ಣಾಲಂಕಾರದಲ್ಲಿ ಬಂದ ಮಿಲಾಂಡು ಬಾಗಿಲ ಮುಂದೆ ನಿಂತ. ಯಂತ್ರ ಅರೆ ಗಳಿಗೆ ದಿಟ್ಟಿಸಿ, ಬೆಣ್ಣೆಯಂಥ ಹೆಣ್ಣುದನಿಯಲ್ಲಿ ಹೇಳಿತು: “ಶುಭೋದಯ, ಪ್ಲಾಸಿಡ್ ಮಿಲಾಂಡು.”

ವಂದನೆ ಎಂದರೆ ವಂದನೆ. ಹೇಳಿದ್ದು ಯಂತ್ರವೆಂದು ಬಾಕಿ ಉಳಿಸುವುದಕ್ಕೆ ನಿಯಮದಲ್ಲಿ ಅವಕಾಶವಿಲ್ಲ. ಮಿಲಾಂಡು ಒಂದು ಹೆಜ್ಜೆ ಹಿಂದೆ ಜಾರಿ, ಎಡಗೈ ಬೆನ್ನಿಗಿಟ್ಟು, ಬಲಗೈ ಬೆರಳನ್ನು ಟೊಪ್ಪಿಯ ಅಂಚಿಗೆ ಮುಟ್ಟಿಸಿ, ಗಲ್ಲವೆತ್ತಿ ಮರುವಂದನೆ ಸಲ್ಲಿಸಿದ. ಬೀದಿಯಾಚೆ ಚಪ್ಪಾಳೆ ಬಿತ್ತು. ಅಂದಿನಿಂದ ಇದು ನಿತ್ಯದ ಆಟವಾಯಿತು. ಮಾಮಾ ಫಿಲೊ ಚೆನ್ನಾಗಿ ಕಾಣಲೆಂದು ಒಲೆಯನ್ನು ನಾಲ್ಕು ಮಾರು ಈಚೆಗೆ ಎಳೆದುಕೊಂಡಳು.

ಆದರೆ ಮರುವಂದನೆ ಮರ್ಯಾದೆಯ ಮಾತು, ಅಭಿಪ್ರಾಯ ಬೇರೆ. ಒಳಗೆ ಹೋಗಿ ಕುರ್ಚಿ ಹಿಡಿದ ಕೂಡಲೆ ಮಿಲಾಂಡು ಯಂತ್ರದ ವಿರುದ್ಧ ಭಾಷಣ ಶುರುಮಾಡುತ್ತಿದ್ದ. “ಅಂಗೈ ಹುಣ್ಣಿಗೆ ಕನ್ನಡಿ ಯಾಕ್ರಯ್ಯಾ? ಪ್ಲಾಸಿಡ್ ಮಿಲಾಂಡು ಯಾರು ಅಂತ ಬಕೊಂಗೊದ ಕೋಳಿ ಮರಿಗೂ ಗೊತ್ತು. ನನ್ನನ್ನ ನಾನೇ ಅಂತ ಹೇಳೋಕೆ ತಂತಿ ಸುತ್ತಿದ ಪೆಟ್ಟಿಗೆ ಬೇಕಾ?”

“ಬೇಡ!” ಎನ್ನುತ್ತಿದ್ದರು ಸಹೋದ್ಯೋಗಿಗಳು. ಯಂತ್ರ ಬಂದ ಮೇಲೆ ಅವರೆಲ್ಲ ಹೊತ್ತಿಗೆ ಸರಿಯಾಗಿ ಬರಬೇಕಾಗಿತ್ತು. ಇದರಿಂದ ಅವರಲ್ಲಿ ಮನುಷ್ಯನ ಘನತೆಯ ಬಗ್ಗೆ ಹೊಸ ಕಾಳಜಿ ಹುಟ್ಟಿತ್ತು.

ಯಂತ್ರವನ್ನು ಸೋಲಿಸಲೆಂದು ಮಿಲಾಂಡು ಒಂದು ದಿನ ಕನ್ನಡಕದ ಜೊತೆಗೆ ಮಾಸ್ಕ್ ಹಾಕಿ, ಟೊಪ್ಪಿಯನ್ನು ಹುಬ್ಬಿನವರೆಗೆ ಎಳೆದು, ರೇಷ್ಮೆ ವಸ್ತ್ರವನ್ನು ಕಿವಿಯವರೆಗೆ ಸುತ್ತಿ ಬಂದು ನಿಂತ.

“ದಯವಿಟ್ಟು ಸ್ವಲ್ಪ ಮುಖ ತೋರಿಸಿ,” ಎಂದಿತು ಯಂತ್ರ.

“ಸೋತಿತು! ಸೋತಿತು!” ಎಂದು ಬಕಾಲಾ ಕುಣಿದ.

ಎಸ್ತೆಲ್ ಸೊಂಟಕ್ಕೆ ಕೈಯಿಟ್ಟಳು. “ಯಾಯಾ, ಮುಖಾನೇ ತರದೆ ಬಂದು ಗುರುತು ಹಿಡಿ ಅಂದ್ರೆ ಹೆಂಗೆ? ಅದು ಯಂತ್ರ, ನಿಮ್ಮತ್ತೆ ಅಲ್ಲ, ಮುಚ್ಚಿದ್ದನ್ನೆಲ್ಲ ನೋಡೋಕೆ. ಮಾಸ್ಕ್ ಒಂದು ಬೆರಳು ಇಳಿಸಿ.”

ಒಂದು ಬೆರಳು ಇಳಿಸಿದ. ಮೂಗಿನ ಸೇತುವೆ, ಒಂದಿಷ್ಟು ಕೆನ್ನೆ. ಅಷ್ಟೇ ಹೊರಗೆ ಬಂದದ್ದು.

“ಶುಭೋದಯ, ಪ್ಲಾಸಿಡ್ ಮಿಲಾಂಡು.”

ಜನ ಬಾಯಿ ಮೇಲೆ ಕೈಯಿಟ್ಟರು. ಮಿಲಾಂಡುವೂ ಒಳಗೊಳಗೇ ತಲೆದೂಗಿದ. ತನ್ನ ಮೂಗಿನಲ್ಲಿ ಇಷ್ಟೊಂದು ತಾನು ಇದ್ದೇನೆಂದು ಅವನಿಗೆ ತಿಳಿದಿರಲಿಲ್ಲ. ಮರುವಂದನೆಯನ್ನು ಆವತ್ತು ಒಂದು ಸುತ್ತು ಹೆಚ್ಚಿಗೆ ತಿರುಗಿ ಸಲ್ಲಿಸಿದ. ಭಾಷಣವನ್ನಂತೂ ಬಿಡಲಿಲ್ಲ. ಯಂತ್ರ ಇರಬೇಕೋ ಹೋಗಬೇಕೋ ಎಂದು ತೀರ್ಮಾನಿಸಲು ಸಚಿವಾಲಯದಿಂದ ತನಿಖಾಧಿಕಾರಿ ಬರುವವರಿದ್ದರು. ಅವರ ಮುಂದೆ ನೌಕರರ ಪರವಾಗಿ ಮಾತಾಡಬೇಕಾದವನು ಅವನೇ.

ಇದೆಲ್ಲ ಹೀಗಿರುವಾಗ ಗುರುವಾರ ಸಂಜೆ ಅವನ ಹೆಂಡತಿ ಓದಿಲ್‌ಳ ತಮ್ಮ ಗಿಲ್ಡಾಸ್ ಮನೆಗೆ ಬಂದ. ಭಾವನಷ್ಟೇ ಎತ್ತರ, ಭಾವನಷ್ಟೇ ತೂಕ, ಭಾವನಿಗಿದ್ದ ಧೈರ್ಯದಲ್ಲಿ ಕಾಲು ಭಾಗವೂ ಇಲ್ಲ.

“ಭಾವ, ನಾಳೆ ಹತ್ತಕ್ಕೆ ಹುಡುಗಿ ಮನೇಗೆ ಹೋಗ್ಬೇಕು. ಅವಳ ಸೋದರಮಾವ ಶೂ ನೋಡಿ ಮಾತಾಡೋ ಮನುಷ್ಯನಂತೆ.”

ಮನೆಯೊಳಗೆ ಮಿಲಾಂಡು ಕನ್ನಡಕ ಹಾಕುತ್ತಿರಲಿಲ್ಲ. ಗಿಲ್ಡಾಸ್ ಆ ಕಣ್ಣು ನೋಡಿದ. ಮುಂದಿನದನ್ನು ಹೇಳಬೇಕಾಗಿಲ್ಲ. ಎಲೆಹಸಿರು ಸೂಟು ಹೋಯಿತು. ಅಂಗಿ, ಟೊಪ್ಪಿ, ಮೊಸಳೆ ಶೂ, ಪೈಪು ಹೋದವು. “ಕನ್ನಡಕ ಇಲ್ದೆ ಈ ಸೂಟು ಕಿಟಕಿ ಇಲ್ದಿರೋ ಮನೆ ಇದ್ದಂಗೆ,” ಎಂದು ಮಿಲಾಂಡುವೇ ಕನ್ನಡಕವನ್ನೂ ಮೂಗಿಗೇರಿಸಿ ಕಳಿಸಿದ.

ಶುಕ್ರವಾರ ಬೆಳಿಗ್ಗೆ ಓದಿಲ್ ಸಂತೆಗೆ ಮೀನಿನ ಬುಟ್ಟಿ ಎತ್ತುತ್ತಾ, “ಇವತ್ತು ನಿಮ್ಮ ತನಿಖಾಧಿಕಾರಿ ಬರ್ತಾರಲ್ಲ, ಏನು ಹಾಕ್ಕೊಂಡು ಹೋಗ್ತೀರಿ?” ಎಂದಳು.

“ಅವರು ಬರೋದು ಶನಿವಾರ.”

“ಶನಿವಾರ ನಿಮ್ಮ ಕಚೇರಿ ಬಾಗಿಲೇ ತೆಗಿಯಲ್ಲ.”

ಮಿಲಾಂಡು ಇದನ್ನು ಯೋಚಿಸಿ ನೋಡಿದ. ಹೆಂಡತಿಯ ಮಾತಿನಲ್ಲಿ ಹುರುಳಿತ್ತು. ಬೀರು ತೆಗೆದ. ಅದು ಮದುವೆಗಳ ಕಾಲ; ನೀಲಿ ಸೂಟು ಒಂದು ನಾಮಕರಣಕ್ಕೆ ಹೋಗಿತ್ತು, ಬೂದು ಸೂಟು ಒಂದು ಮದುವೆಯಲ್ಲಿತ್ತು, ಎರಡನೆಯ ಕನ್ನಡಕ ಬೂದು ಸೂಟಿನ ಜೇಬಿನಲ್ಲಿತ್ತು. ಮೂರನೆಯ ಕನ್ನಡಕ ಕುರ್ಚಿಯ ಮೇಲಿದೆಯೆಂದು ನೆನಪಾದದ್ದು ಆ ಕುರ್ಚಿಯ ಮೇಲೆ ಕೂತು ಯೋಚಿಸುವಾಗ. ಬೀರುವಿನಲ್ಲಿ ಉಳಿದದ್ದು ಗೋಡೆಗೆ ಸುಣ್ಣ ಬಳಿಯುವಾಗ ಹಾಕುವ ಅಂಗಿ, ಮಂಡಿಯ ಬಳಿ ತೇಪೆ ಹಾಕಿದ ಪ್ಯಾಂಟು. ಕಾಲಿಗೆ ರಬ್ಬರ್ ಚಪ್ಪಲಿ.

“ಹೀಗೇ ಹೋಗ್ಲಾ?”

“ಬಕೊಂಗೊದ ಕೋಳಿ ಮರಿಗೂ ನೀವು ಗೊತ್ತಲ್ಲ, ಹೋಗಿ,” ಎಂದು ಓದಿಲ್ ಹೊರಟೇಹೋದಳು.

ಮಿಲಾಂಡು ಬೀದಿಗಿಳಿದ. ಟ್ಯಾಕ್ಸಿಯವನೊಬ್ಬ ಹಾರನ್ ಹೊಡೆದ; ಇನ್ನೊಬ್ಬ, “ಏಯ್, ಬಣ್ಣದ ಮೇಸ್ತ್ರಿ, ಪಕ್ಕಕ್ಕೆ!” ಎಂದ. ಸೂಟಿಲ್ಲದ ಸಾಪರ್ ನಡೆಯಲಾರ; ಸುಮ್ಮನೆ ಕಾಲು ಮುಂದಿಡುತ್ತಾನೆ, ಅಷ್ಟೇ. ಒಂದು ಗಂಟೆಯ ದಾರಿ ಐದು ನಿಮಿಷಕ್ಕೆ ಮುಗಿದುಹೋಯಿತು.

ಕಚೇರಿಯ ಎದುರು ಮಾಮಾ ಫಿಲೊ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಹೊಸಬನಾ ಮಗಾ? ಬಾ, ಬಿಸಿ ಬೆನ್ಯೆ ಇದೆ. ಆದ್ರೆ ಆ ಜಾಗ ಬಿಟ್ಟು ನಿಲ್ಲು, ಯಾಯಾ ಪ್ಲಾಸಿಡ್ ಬರೋ ಹೊತ್ತು.”

ನಾನೇ ಅವನು ಎನ್ನಲು ಮಿಲಾಂಡು ಬಾಯಿ ತೆರೆದ. ಆದರೆ ಬೇರೆಯೇ ಮಾತು ಹೊರಬಂತು: “ಹೇಗೆ ಆ ಮನುಷ್ಯ?”

“ಹೇಗೆ ಅಂತೀಯಲ್ಲ! ದೇವರು ಮನುಷ್ಯನ್ನ ಮಾಡಿ ಮುಗಿಸಿ, ಸಂಜೆ ಬಿಡುವಾದಾಗ ತನ್ನ ಸಂತೋಷಕ್ಕೆ ಅಂತ ಅವರನ್ನ ಮಾಡಿದ. ಆ ನಡಿಗೆ! ಆ ಗಲ್ಲ! ನನ್ನ ಗಂಡ ಬಿಟ್ಟುಹೋದ ವರ್ಷ ನಾನು ನಕ್ಕಿದ್ದೇ ಬೆಳಿಗ್ಗೆ ಅವರು ಈ ಬೀದಿ ದಾಟೋವಾಗ ಮಾತ್ರ.”

ಮಿಲಾಂಡುವಿನ ಕಣ್ಣು ಮೊದಲೇ ಒದ್ದೆ, ಈಗ ತುಂಬಿತು. ಇನ್ನಷ್ಟು ಕೇಳುವ ಆಸೆಯಾಯಿತು. “ಏನೂ ಕೊರತೆ ಇಲ್ವಾ ಹಾಗಾದ್ರೆ?”

“ಸ್ವಲ್ಪ ದಡ್ಡ,” ಎಂದಳು ಮಾಮಾ ಫಿಲೊ, ಬೆನ್ಯೆ ತಿರುವುತ್ತಾ. “ಆದ್ರೆ ಅಷ್ಟು ಚೆಂದ ಇರೋರಿಗೆ ಬುದ್ಧಿ ಯಾಕೆ?”

“ಮಾಮಾ, ನಾನೇ ಮಿಲಾಂಡು.”

ಅವಳು ಎಷ್ಟು ನಕ್ಕಳೆಂದರೆ ಒಲೆ ನೋಡಿಕೊಳ್ಳಲು ಪಕ್ಕದ ಅಂಗಡಿಯವಳು ಎದ್ದು ಬರಬೇಕಾಯಿತು.

ಮಿಲಾಂಡು ಕಚೇರಿ ಬಾಗಿಲಿಗೆ ಬಂದ. ಬಕಾಲಾ ಕೋಲು ಅಡ್ಡ ಹಿಡಿದ. “ಸುಣ್ಣದ ಕೆಲಸ ಆದ್ರೆ ಹಿಂದಿನ ಬಾಗಿಲು.”

“ಬಕಾಲಾ, ನಾನು ಕಣೋ!”

“ನಾನು ಅಂತ ಎಲ್ಲರೂ ಹೇಳ್ತಾರೆ. ನಾನೂ ಹೇಳ್ತೀನಿ.”

ಆ ಕ್ಷಣ ಬೆಣ್ಣೆಯ ದನಿ ಕೇಳಿತು: “ಶುಭೋದಯ, ಪ್ಲಾಸಿಡ್ ಮಿಲಾಂಡು.” ಬಾಗಿಲು ತಾನಾಗಿ ತೆರೆಯಿತು.

ಬಕಾಲಾ ಕೊಂಬು ಊದಿದಂತೆ ಕಿರುಚಿದ: “ಸಾಹೇಬ್ರೇ! ಓಡಿ ಬನ್ನಿ! ಯಂತ್ರ ಕಳ್ಳನ್ನ ಒಳಗೆ ಬಿಡ್ತಾ ಇದೆ, ಅದೂ ಯಾಯಾ ಹೆಸರಲ್ಲಿ!”

ದೊಡ್ಡ ಸಾಹೇಬರು ಬಂದರು. ಜೊತೆಗೆ, ಆಗ ತಾನೇ ಕಾರಿನಿಂದಿಳಿದು ಕಾಫಿ ಬಾಯಿಗಿಟ್ಟಿದ್ದ ತನಿಖಾಧಿಕಾರಿ ಬಂದರು. ಗುಮಾಸ್ತರೆಲ್ಲ ಬಂದರು. ಹನ್ನೊಂದು ವರ್ಷ ಒಂದೇ ಮೇಜಿನ ಎದುರುಬದುರು ಕೂತವನು ಮಿಲಾಂಡುವಿನ ಮುಖಕ್ಕೆ ಮುಖ ತಂದು ನೋಡಿ, “ಯಾಯಾನ ಕಣ್ಣು ಹಸಿರು. ಇವನದು ನೋಡಿ, ಏನೂ ಇಲ್ಲ,” ಎಂದು ಸಾಕ್ಷಿ ಹೇಳಿದ.

“ಗುರುತಿನ ಚೀಟಿ ತೋರಿಸಯ್ಯಾ,” ಎಂದರು ತನಿಖಾಧಿಕಾರಿ.

ಮಿಲಾಂಡು ಜೇಬಿಗೆ ಕೈಹಾಕಿದ. ಗುರುತಿನ ಚೀಟಿ ಸೂಟಿನ ಒಳಜೇಬಿನಲ್ಲಿತ್ತು. ಸೂಟು ಗಿಲ್ಡಾಸನ ಮೈಮೇಲಿತ್ತು. ಇದನ್ನು ಹೇಳುವಂತಿರಲಿಲ್ಲ.

“ಮದ್ಮೊಜೆಲ್, ನೀವಾದ್ರೂ ಹೇಳಿ!”

ಎಸ್ತೆಲ್ ಮುಂದೆ ಬಂದಳು. “ಸರ್, ಇವರು ಮಿಲಾಂಡುವೇ. ಯಂತ್ರ ಸರಿಯಾಗೇ ಹೇಳ್ತಿದೆ.”

“ನಿಮ್ಮ ಯಂತ್ರ ಸರಿ ಅಂತ ನೀವಲ್ಲದೆ ಇನ್ಯಾರು ಹೇಳ್ಬೇಕಮ್ಮ?” ಎಂದರು ಅವರು, ತಾಳ್ಮೆಯಿಂದ.

ವಿಧಿ ಇಷ್ಟಕ್ಕೇ ನಿಲ್ಲಬಹುದಿತ್ತು. ಆದರೆ ಗಿಲ್ಡಾಸನ ಹುಡುಗಿಯ ಮನೆ ಕಚೇರಿಯ ಹಿಂದಿನ ಬೀದಿಯಲ್ಲಿತ್ತು. ಎಲೆಹಸಿರು ಸೂಟು ತೊಟ್ಟು, ಪೈಪು ಕಚ್ಚಿ, ಮೊಸಳೆ ಶೂಗಳನ್ನು ಧೂಳಿಗೆ ತಾಗಿಸದಂತೆ ಎತ್ತೆತ್ತಿ ಇಡುತ್ತಾ ಅವನು ಅದೇ ಹೊತ್ತಿಗೆ ಅಲ್ಲಿಂದ ಹಾದ.

“ಬಂದ್ರು! ಯಾಯಾ ಬಂದ್ರು!” ಎಂದು ಬೀದಿ ಪೂರ್ತಿ ಎದ್ದಿತು. ಬಕಾಲಾ ಓಡಿ ಹೋಗಿ ಅವನ ಕೈ ಹಿಡಿದ, ಇಬ್ಬರು ಗುಮಾಸ್ತರು ತೋಳು ಹಿಡಿದರು, ಗಿಲ್ಡಾಸ್ ಪೈಪಿನ ಸಂದಿಯಲ್ಲಿ “ನಾನು... ನಾನು...” ಎನ್ನುವಷ್ಟರಲ್ಲಿ ಅವನನ್ನು ಹೂವಿನಂತೆ ಎತ್ತಿ ತಂದು ಬಾಗಿಲ ಮುಂದೆ ನಿಲ್ಲಿಸಿದರು.

ಯಂತ್ರ ದಿಟ್ಟಿಸಿತು. “ಪರಿಚಯವಿಲ್ಲದವರು. ದಯವಿಟ್ಟು ನಿಲ್ಲಿ.”

ಹೋ ಎಂದು ಜನ ನಕ್ಕರು. “ಕೇಳಿದ್ರಾ ಸರ್? ಬಕೊಂಗೊದ ಸೂರ್ಯನಿಗೆ ಪರಿಚಯವಿಲ್ಲ ಅಂತಿದೆ! ಸುಣ್ಣ ಬಳಿಯೋನಿಗೆ ಶುಭೋದಯವಂತೆ!”

ತನಿಖಾಧಿಕಾರಿ ಸೂಟಿನ ಒಳಜೇಬಿಗೆ ಬೆರಳು ಹಾಕಿ ಗುರುತಿನ ಚೀಟಿ ಎಳೆದರು. ‘ಮಿಲಾಂಡು, ಪ್ಲಾಸಿಡ್.’ ಚಿತ್ರ ಇಪ್ಪತ್ತು ವರ್ಷದ ಬೆವರಿಗೆ ಮಾಸಿ, ಅದರಲ್ಲಿ ಉಳಿದದ್ದು ಎರಡು ಕಿವಿ. ಕಿವಿಗಳು ಎಲ್ಲರಿಗೂ ಎರಡೇ.

“ಇನ್ನೇನು ಬೇಕು?” ಎಂದರು ಅವರು. “ಮದ್ಮೊಜೆಲ್, ಯಂತ್ರ ಬಿಚ್ಚಿಸಿ. ಇವನನ್ನ ಪೊಲೀಸಿಗೆ ಕೊಡಿ. ಇನ್ನೊಬ್ಬನ ಹೆಸರಲ್ಲಿ ಸರ್ಕಾರಿ ಕಚೇರಿಗೆ ನುಗ್ಗೋದು ಅಂದ್ರೆ ಏನು ಅಂತ ತಿಳ್ಕೊಂಡಿದಾನೆ?”

ಮಿಲಾಂಡು ಗಿಲ್ಡಾಸನ ಕಡೆ ನೋಡಿದ. ಗಿಲ್ಡಾಸ್ ಮಿಲಾಂಡುವಿನ ಕಡೆ ನೋಡಿದ. ‘ನಾನು ಇವನಲ್ಲ’ ಎಂದರೆ ‘ಹಾಗಾದರೆ ಈ ಸೂಟು ಯಾರದು’ ಎಂಬ ಪ್ರಶ್ನೆ ಬರುತ್ತದೆ. ಆ ಪ್ರಶ್ನೆಗೆ ಉತ್ತರ ಹುಡುಗಿಯ ಸೋದರಮಾವನ ಕಿವಿಗೆ ಹತ್ತು ಗಂಟೆಯೊಳಗೆ ಮುಟ್ಟುತ್ತದೆ. ಒಂದು ಮಾತಾಡಿದರೆ ಭಾಮೈದನ ಮದುವೆ ಹೋಗುತ್ತದೆ. ಆಡದಿದ್ದರೆ ಭಾವನ ಕೆಲಸ, ಹೆಸರು ಎರಡೂ ಹೋಗುತ್ತವೆ. ಮಿಲಾಂಡು ತುಟಿ ಕಚ್ಚಿಕೊಂಡ. ನಿಯಮ ನಿಯಮ.

ಬಕಾಲಾ ಅವನ ಕೊರಳಪಟ್ಟಿ ಹಿಡಿದ. ಹೊರಗೆ ಮಾಮಾ ಫಿಲೊ, “ಪಾಪ, ಹುಚ್ಚ ಇರ್ಬೇಕು, ನನ್ನ ಹತ್ರಾನೂ ಹಂಗೇ ಅಂದ,” ಎಂದು ಹೇಳುತ್ತಿದ್ದಳು. ಇಷ್ಟು ಜನ ಒಂದೇ ಮಾತು ಹೇಳುವಾಗ ತಪ್ಪು ತನ್ನದೇ ಇರಬಹುದೇನೋ ಎಂದು ಮಿಲಾಂಡುವಿಗೂ ಅನ್ನಿಸಿತು. ಯಾರಿಗೆ ಗೊತ್ತು, ಅವನು ಯಾವಾಗಲೂ ಸ್ವಲ್ಪ ಗಲಿಬಿಲಿಯ ಮನುಷ್ಯ. ತಲೆ ತಗ್ಗಿಸಿ ಹೊರಗೆ ಹೊರಟವನು ಬಾಗಿಲು ದಾಟುವಾಗ ಒಮ್ಮೆ ತಿರುಗಿ ನೋಡಿದ.

“ಶುಭೋದಯ, ಪ್ಲಾಸಿಡ್ ಮಿಲಾಂಡು,” ಎಂದಿತು ಯಂತ್ರ.

ಅದಕ್ಕೆ ಪೊಲೀಸರ ಭಯವಿರಲಿಲ್ಲ, ತನಿಖಾಧಿಕಾರಿಯ ಮರ್ಜಿ ಬೇಕಿರಲಿಲ್ಲ, ತನ್ನನ್ನೇ ಬಿಚ್ಚಿಸಲು ಹೇಳಿದ್ದಾರೆಂಬ ಸುದ್ದಿಯೂ ತಿಳಿದಿರಲಿಲ್ಲ. ಮೊದಲ ದಿನ ಹೇಳಿದಷ್ಟೇ ಮೆತ್ತಗೆ ಹೇಳಿತು.

ವಂದನೆ ಎಂದರೆ ವಂದನೆ.

ಮಿಲಾಂಡುವಿನ ಬಲಗೈ ತಾನಾಗಿ ಎದ್ದಿತು. ಎಡಗೈ ಬೆನ್ನ ಹಿಂದೆ ಹೋಯಿತು. ರಬ್ಬರ್ ಚಪ್ಪಲಿ ಒಂದು ಹೆಜ್ಜೆ ಹಿಂದೆ ಜಾರಿತು, ಎಣ್ಣೆಯ ಮೇಲೆ ಜಾರಿದಂತೆ. ಇಲ್ಲದ ಟೊಪ್ಪಿಯ ಅಂಚಿಗೆ ಎರಡು ಬೆರಳು ಮುಟ್ಟಿದವು. ಗಲ್ಲ ಎದ್ದಿತು. ತೇಪೆ ಹಾಕಿದ ಪ್ಯಾಂಟಿನ ಅಂಚನ್ನು ಎರಡು ಬೆರಳು ಎತ್ತಿ, ಇಲ್ಲದ ಕಾಲುಚೀಲಕ್ಕೆ ಲೋಕದರ್ಶನ ಮಾಡಿಸಿದವು. ಅರ್ಧ ಸುತ್ತು. ನಿಂತು, ಇನ್ನರ್ಧ ಸುತ್ತು.

ಬಕಾಲಾನ ಕೈ ಕೊರಳಪಟ್ಟಿಯಿಂದ ಕಳಚಿ ಬಿತ್ತು.

ಮೊದಲು ಬಾಯಿ ಬಂದದ್ದು ಮಾಮಾ ಫಿಲೊಗೆ. “ಅಯ್ಯೋ ನನ್ನಪ್ಪ! ಇವರೇ! ಯಾಯಾನೇ! ಸುಣ್ಣದ ಅಂಗಿ ರೇಷ್ಮೆ ಥರ ಕಾಣ್ತಿದೆ ನೋಡ್ರೋ!” ಎಂದವಳು ತಾನು ಮುಂಜಾನೆ ಆಡಿದ್ದೆಲ್ಲ ನೆನಪಾಗಿ ಸೆರಗಿನಂತೆ ಇಳಿಬಿದ್ದಿದ್ದ ಹೆಗಲ ಬಟ್ಟೆಯಿಂದ ಮುಖ ಮುಚ್ಚಿಕೊಂಡಳು. “ದಡ್ಡ ಅಂದಿದ್ದು ಬೇರೆಯವರನ್ನ, ಯಾಯಾ!”

ಚಪ್ಪಾಳೆ ಬಿತ್ತು. ಹನ್ನೊಂದು ವರ್ಷದ ಎದುರು ಮೇಜಿನವನು ಎಲ್ಲರಿಗಿಂತ ಜೋರಾಗಿ ತಟ್ಟಿದ. ದೊಡ್ಡ ಸಾಹೇಬರು, “ನನಗೆ ಮೊದಲೇ ಅನುಮಾನ ಇತ್ತು,” ಎಂದರು.

“ಒಂದು ನಿಮಿಷ,” ಎಂದರು ತನಿಖಾಧಿಕಾರಿ. ಅವರು ಬಕೊಂಗೊದವರಲ್ಲ. “ಇವರು ಮಿಲಾಂಡು ಆದ್ರೆ, ಈ ಸೂಟಿನಲ್ಲಿ ಇರೋರು ಯಾರು?”

ಬೀದಿಯಲ್ಲಿದ್ದವರೆಲ್ಲ ಒಮ್ಮೆಗೇ ಆಕಾಶ ನೋಡಿದರು. ಬಕಾಲಾ ಚಪ್ಪಲಿಯ ಉಂಗುಷ್ಠ ಸರಿಮಾಡಿಕೊಂಡ. ಗುಮಾಸ್ತರಿಗೆ ದೂರದ ಗೋಡೆಯ ಮೇಲಿದ್ದ ಹಲ್ಲಿಯಲ್ಲಿ ವಿಶೇಷ ಆಸಕ್ತಿ ಹುಟ್ಟಿತು. ಅಲ್ಲಿ ನಿಂತವರಲ್ಲಿ ಒಂದಲ್ಲ ಒಂದು ಶುಭಕಾರ್ಯಕ್ಕೆ ಮಿಲಾಂಡುವಿನ ಸೂಟು ತೊಡದವರು ಇರಲಿಲ್ಲ. ದೊಡ್ಡ ಸಾಹೇಬರು ಕೂಡ ಕೆಮ್ಮಿ ಅತ್ತ ತಿರುಗಿದರು.

“ಅಲ್ಲ, ಇವರ ಜೇಬಲ್ಲಿ ಅವರ ಚೀಟಿ ಹೇಗೆ...” ಎಂದು ತನಿಖಾಧಿಕಾರಿ ಬಾಯಿ ತೆರೆದಾಗ ಮಾಮಾ ಫಿಲೊ ಆ ಬಾಯಿಗೆ ಒಲೆಯಿಂದ ಆಗಷ್ಟೇ ಇಳಿದ ಬೆನ್ಯೆಯೊಂದನ್ನು ಇಟ್ಟಳು.

“ತಿನ್ನಿ ಸಾಹೇಬ್ರೆ, ಬಿಸಿ ಇದೆ, ನಿಧಾನಕ್ಕೆ. ಅವರಾ? ಅವರು ಒಳ್ಳೆ ಕೆಲಸಕ್ಕೆ ಹೊರಟಿರೋ ಒಬ್ಬ ಸೊಗಸುಗಾರ. ಹತ್ತು ಗಂಟೆ ಆಗ್ತಿದೆ. ಹೋಗಪ್ಪಾ, ಹೋಗು, ಗಲ್ಲ ಸ್ವಲ್ಪ ಎತ್ತು!”

ಗಿಲ್ಡಾಸ್ ಗಲ್ಲ ಎತ್ತಿದ. ಭಾವನ ಬೆರಳು ಕಂಡೂ ಕಾಣದಂತೆ ಅವನ ಟೊಪ್ಪಿಯನ್ನು ಒಂದಿಷ್ಟು ವಾರೆ ಮಾಡಿತು. ಹುಡುಗಿಯ ಸೋದರಮಾವ ಶೂ ನೋಡಿದನೆಂದೂ, ಅದರ ಹೊಳಪಿನಲ್ಲಿ ತನ್ನ ಮುಖವನ್ನೇ ಕಂಡು ಮೆಚ್ಚಿ, ಮಾತು ಅಲ್ಲೇ ಮುಗಿಸಿದನೆಂದೂ ಸಂಜೆಗೆ ಸುದ್ದಿ ಬಂತು.

ಬೆನ್ಯೆ ನುಂಗಿ ಕಣ್ಣೊರೆಸಿಕೊಂಡ ತನಿಖಾಧಿಕಾರಿ ಗಂಟಲು ಸರಿಮಾಡಿಕೊಂಡರು. ಬುದ್ಧಿವಂತರು, ಉತ್ತರ ಸಿಗದ ಪ್ರಶ್ನೆಯನ್ನು ಎರಡನೆಯ ಸಲ ಕೇಳಲಿಲ್ಲ. “ಶ್ರೀಮಾನ್ ಮಿಲಾಂಡು, ಯಂತ್ರ ಬೇಡ ಅಂತ ನೌಕರರ ಪರವಾಗಿ ನೀವು ಮಾತಾಡ್ತೀರಿ ಅಂತ ಹೇಳಿದ್ರು. ಮಾತಾಡಿ.”

ಅಂಗೈ ಹುಣ್ಣು, ಕನ್ನಡಿ, ಕೋಳಿ ಮರಿ ಎಲ್ಲ ಮಿಲಾಂಡುವಿನ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿದ್ದವು. ಅವನು ಬರಿಗಣ್ಣಿನಲ್ಲಿ ಯಂತ್ರವನ್ನು ನೋಡಿದ. ಎಸ್ತೆಲ್ ತಿರುಪುಳಿ ಹಿಡಿದು ಅದರ ಪಕ್ಕದಲ್ಲಿ ನಿಂತಿದ್ದಳು.

“ಸರ್, ನನ್ನ ಉಡುಗೇನ ಗುರುತಿಸೋಕೆ ಇಡೀ ಬಕೊಂಗೊ ಇದೆ. ನನ್ನನ್ನ ಗುರುತಿಸೋಕೂ ಒಬ್ಬರು ಇರ್ಲಿ. ಇದನ್ನ ಬಿಚ್ಚಬೇಡಿ.”

ಸಹೋದ್ಯೋಗಿಗಳು ನಿಟ್ಟುಸಿರಿಟ್ಟರು. ಎಸ್ತೆಲ್ ತಿರುಪುಳಿಯನ್ನು ಜೇಬಿಗೆ ಹಾಕಿಕೊಂಡಳು. “ಯಾಯಾ, ಆ ನಡಿಗೆ ನೋಡಿ ಗುರುತು ಹಿಡಿಯೋಕೆ ನನ್ನ ಯಂತ್ರಕ್ಕೆ ಬರಲ್ಲ,” ಎಂದಳು ಮೆಲ್ಲಗೆ. “ಅದನ್ನ ಕಲಿಸೋಕೆ ನನಗಿನ್ನೂ ಹತ್ತು ವರ್ಷ ಬೇಕು.”

ಸೋಮವಾರ ಬೆಳಿಗ್ಗೆ ಎಲೆಹಸಿರು ಸೂಟು ಮನೆಗೆ ಮರಳಿತ್ತು. ಮಿಲಾಂಡು ಟೊಪ್ಪಿ, ಪೈಪು, ಮೊಸಳೆ ಶೂ, ಕಪ್ಪು ಕನ್ನಡಕ ಎಲ್ಲ ತೊಟ್ಟು ಬೀದಿಗಿಳಿದ. ಟ್ಯಾಕ್ಸಿಗಳು ಹಾರನ್ ಮರೆತವು. ಒಂದು ಗಂಟೆಯ ನಡಿಗೆ ಮುಗಿಸಿ ಮಾಮಾ ಫಿಲೊಳ ಒಲೆಯ ಮುಂದೆ ಅರ್ಧ ಸುತ್ತು ತಿರುಗಿ ನಿಂತ. “ಶುಭೋದಯ, ಮಾಮಾ. ನಾಲ್ಕು ಬೆನ್ಯೆ.”

ಮಾಮಾ ಫಿಲೊ ಕೈಯನ್ನು ನಡುದಾರಿಯಲ್ಲಿ ನಿಲ್ಲಿಸಿದಳು. ಮೇಲಿನಿಂದ ಕೆಳಗೆ ನೋಡಿದಳು, ಕೆಳಗಿನಿಂದ ಮೇಲೆ ನೋಡಿದಳು, ಕಡೆಗೆ ಕನ್ನಡಕದ ಎರಡೂ ಗಾಜಿನಲ್ಲಿ ತನ್ನ ಮುಖವನ್ನಷ್ಟೇ ಕಂಡು ತಲೆ ಆಡಿಸಿದಳು.

“ಸೂಟು ನನಗೆ ಗೊತ್ತು. ಒಳಗಡೆ ಇರೋದು ಯಾರು ಅಂತ ನಾನು ಹೆಂಗೆ ಹೇಳ್ಲಿ? ಹೋಗಿ ಯಾಯಾ, ಮೊದಲು ಅದರ ಹತ್ರ ಶುಭೋದಯ ಅನ್ನಿಸ್ಕೊಂಡು ಬನ್ನಿ. ಬೆನ್ಯೆ ಬಿಸಿಯಾಗೇ ಇಟ್ಟಿರ್ತೀನಿ.”

ಮಿಲಾಂಡು ಬೀದಿ ದಾಟಿ, ಯಂತ್ರದ ಮುಂದೆ ಗಲ್ಲ ಎತ್ತಿ ನಿಂತ.